ಬಲಗಡೆ ಹೊಲಿಗೆ, ಎಡಗಡೆ ಲೇಸರ್

ವಸಡಿನ ಕಾಯಿಲೆಗೆ ಆಪರೇಷನ್ ಮಾಡಿಸೋದಾ, ಲೇಸರ್ ಮಾಡಿಸೋದಾ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ. ನನ್ನ ಬಾಯಲ್ಲಿ ಎರಡೂ ಆಗಿದೆ. ಬಲಗಡೆ ಕೆಳಗಿನ ದವಡೆ ಹಲ್ಲುಗಳಿಗೆ ಮೂರು ವರ್ಷದ ಹಿಂದೆ ಫ್ಲಾಪ್ ಸರ್ಜರಿ, ಎಡಗಡೆಗೆ ಕಳೆದ ವರ್ಷ ಲೇಸರ್. ಉಜ್ಜುವ ಕೈ ಮಾತ್ರ ಎರಡೂ ಕಡೆಗೆ ಒಂದೇ, ಅದೂ ಸೋಮಾರಿ ಕೈ. ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ಹೇಳಬಲ್ಲೆ ಅನ್ನಿಸಿ ಬರೆಯುತ್ತಿದ್ದೇನೆ.

ಶುರುವಾಗಿದ್ದು ಎಲ್ಲರಿಗೂ ಆಗುವ ಹಾಗೇ. ಉಜ್ಜುವಾಗ ರಕ್ತ ಬರುತ್ತಿತ್ತು. ಬ್ರಶ್ ತೀರಾ ಗಟ್ಟಿ ಇದೆಯೇನೋ ಅಂತ ಬ್ರಶ್ ಬದಲಾಯಿಸಿದೆ. ಆಮೇಲೆ ಪೇಸ್ಟ್ ಬದಲಾಯಿಸಿದೆ. ನೋವು ಇರಲಿಲ್ಲ ನೋಡಿ, ಅದೇ ಮೋಸ. ಹಲ್ಲಿಗೂ ವಸಡಿಗೂ ನಡುವಿನ ಸಂದು ಒಳಗೊಳಗೇ ಆಳವಾಗುತ್ತಾ ಹೋಗಿ, ಹಲ್ಲನ್ನು ಹಿಡಿದಿರುವ ಮೂಳೆ ಕರಗುತ್ತಿದ್ದರೂ ಹೊರಗೆ ಏನೂ ಗೊತ್ತಾಗುವುದಿಲ್ಲ. ಆ ಸಂದಿಗೆ ಡಾಕ್ಟರುಗಳು ಪಾಕೆಟ್ ಅನ್ನುತ್ತಾರೆ. 1ರಿಂದ 3 ಮಿಲಿಮೀಟರ್ ಇದ್ದರೆ ಸರಿ, 4 ಮುಟ್ಟಿದರೆ ನಿಗಾ ಇಡಬೇಕು. ನನ್ನ ಬಲಗಡೆ ಒಂದು ಕಡೆ 7 ಇತ್ತು.

ಫ್ಲಾಪ್ ಸರ್ಜರಿ ಬಗ್ಗೆ ಜಾಸ್ತಿ ಹೇಳಲ್ಲ. ವಸಡು ಕೊಯ್ದು, ಹಲ್ಲಿನಿಂದ ಬಿಡಿಸಿ ಮಡಚಿ, ಬುಡ ಕಾಣುವ ಹಾಗೆ ಮಾಡಿಕೊಂಡು ಹಲ್ಲಿಗೆ ಗಟ್ಟಿಯಾಗಿ ಅಂಟಿದ ಕಿಟ್ಟ ಕೆರೆದು, ಹೊಲಿಗೆ ಹಾಕಿದರು. ನಾಲ್ಕು ದಿನ ಕೆನ್ನೆ ಊದಿತ್ತು. ಹೊಲಿಗೆಯ ದಾರದ ತುದಿ ನಾಲಿಗೆಗೆ ಚುಚ್ಚುತ್ತಿತ್ತು, ನಾಲಿಗೆ ಬೇಡ ಅಂದರೂ ಅಲ್ಲಿಗೇ ಹೋಗುತ್ತಿತ್ತು. ಆದರೆ ಕೆಲಸ ಆಯಿತು, ಅದನ್ನು ಹೇಳಲೇಬೇಕು. 7 ಇದ್ದದ್ದು 3ಕ್ಕೆ ಬಂತು. ಅದಕ್ಕೆ ತೆತ್ತದ್ದು ಏನಪ್ಪಾ ಅಂದರೆ, ವಸಡು ಕೆಳಗೆ ಸರಿದು ಹಲ್ಲು ಉದ್ದ ಕಾಣುತ್ತದೆ, ಬೇರು ಹೊರಬಿದ್ದಿರುವ ಕಡೆ ತಣ್ಣೀರು ತಾಗಿದರೆ ಇವತ್ತಿಗೂ ಜುಂ ಅನ್ನುತ್ತದೆ.

ಅದಕ್ಕೇ ಎಡಗಡೆ ಸರದಿ ಬಂದಾಗ ಲೇಸರ್ ಹುಡುಕಿಕೊಂಡು ಹೋದೆ. ಮೊದಲು ಹೋದ ಕ್ಲಿನಿಕ್‌ನಲ್ಲಿ ಬಾಯಿ ತೆಗೆಸಿ ಒಂದು ಸಲ ಇಣುಕಿ ನೋಡಿ, "ಲೇಸರ್ ಮಾಡಿಬಿಡೋಣ, ಕೊಯ್ಯಲ್ಲ, ರಕ್ತ ಇಲ್ಲ, ನೋವಿಲ್ಲ" ಅಂದರು. ಪಾಕೆಟ್ ಅಳೆಯಲಿಲ್ಲ. ಎಕ್ಸ್‌ರೇ ತೆಗೆಯಲಿಲ್ಲ. ಯಾವ ಲೇಸರ್ ಅಂತ ಕೇಳಿದೆ. "ಲೇಸರ್ ಅಂದ್ರೆ ಲೇಸರ್ ರೀ" ಅಂತ ಉತ್ತರ ಬಂತು. ನಾನು ಚಪ್ಪಲಿ ಹಾಕಿಕೊಂಡು ಹೊರಟೆ.

ಯಾಕೆ ಅಂದರೆ ಲೇಸರ್ ಅಂದ್ರೆ ಬರೀ ಲೇಸರ್ ಅಲ್ಲ. ಹಲ್ಲಿನ ಡಾಕ್ಟರುಗಳ ಹತ್ತಿರ ಮುಖ್ಯವಾಗಿ ಮೂರು ನಮೂನೆ ಇರುತ್ತವೆ. ಡಯೋಡ್ ಲೇಸರ್ ಚಿಕ್ಕದು, ಅಗ್ಗದ್ದು, ಹಾಗಾಗಿ ಎಲ್ಲೆಲ್ಲೂ ಇದೆ. ಮೆತ್ತಗಿನ ವಸಡು ಕತ್ತರಿಸೋಕೆ, ಕ್ಲೀನಿಂಗ್ ಜೊತೆ ಒಂದು ಕೈ ಆಡಿಸೋಕೆ ಬಳಸುತ್ತಾರೆ. ಅರ್ಬಿಯಮ್ ಲೇಸರ್‌ನ ಬೆಳಕನ್ನು ನೀರು ಚೆನ್ನಾಗಿ ಹೀರಿಕೊಳ್ಳುತ್ತದೆ, ಅದು ಹಲ್ಲಿನ ಮೇಲಿನ ಗಟ್ಟಿ ಕಿಟ್ಟವನ್ನೂ ತೆಗೆಯಬಲ್ಲದು. ಮೂರನೆಯದು ಎನ್‌ಡಿ ಯಾಗ್, 1064 ನ್ಯಾನೋಮೀಟರ್ ಅಲೆಯುದ್ದದ ಬೆಳಕಿನದ್ದು. ಇದನ್ನು ಇಟ್ಟುಕೊಂಡು ಮಾಡುವ ಲಾನಾಪ್ ಅನ್ನುವ ಪದ್ಧತಿಗೆ ಅಮೆರಿಕದಲ್ಲಿ ಔಷಧ, ಚಿಕಿತ್ಸೆಯ ಸಲಕರಣೆಗಳನ್ನು ಪರಿಶೀಲಿಸುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2004ರಲ್ಲಿ ಒಪ್ಪಿಗೆ ಕೊಟ್ಟಿತು. 2016ರಲ್ಲಿ, ಹಲ್ಲನ್ನು ಹಿಡಿದಿಡುವ ಮೂಳೆ, ನಾರು ಎಲ್ಲ ಮತ್ತೆ ಬೆಳೆಯುತ್ತದೆ ಅಂತ ಹೇಳಿಕೊಳ್ಳುವುದಕ್ಕೂ ಒಪ್ಪಿತು. ಜಾಹೀರಾತುಗಳಲ್ಲಿ "ಆಪರೇಷನ್‌ಗೆ ಬದಲಿ" ಅಂತ ಹೇಳುವುದು ಹೆಚ್ಚಾಗಿ ಇದನ್ನೇ. ಡಯೋಡ್ ಇಟ್ಟುಕೊಂಡು ಲಾನಾಪ್‌ನ ಫಲಿತಾಂಶ ತೋರಿಸಿ ಮಾರುವವರೂ ಇದ್ದಾರೆ, ಹುಷಾರು.

ಎರಡನೇ ಕ್ಲಿನಿಕ್‌ನಲ್ಲಿ ಮೊದಲ ದಿನ ಲೇಸರ್ ಮಾತೇ ಎತ್ತಲಿಲ್ಲ. ಡಾಕ್ಟರ್ ಸಣ್ಣ ಗೆರೆ ಹಾಕಿದ ಕಡ್ಡಿ ಹಿಡಿದು ಒಂದೊಂದು ಹಲ್ಲಿಗೂ ಆರು ಕಡೆ ಚುಚ್ಚಿ ಅಳೆದರು. ನನಗೆ ಇರುವುದು 28 ಹಲ್ಲು, ಅಂದರೆ 168 ಅಂಕಿ. ಅವರು ಹೇಳುತ್ತಾ ಹೋದರು, ಅಸಿಸ್ಟೆಂಟ್ ಬರೆದುಕೊಳ್ಳುತ್ತಾ ಹೋದರು. ಮೂರು, ಎರಡು, ಮೂರು. ಮೂರು, ಮೂರು, ನಾಲ್ಕು. ಎಡಗಡೆ ಹಿಂದಕ್ಕೆ ಬಂದಾಗ ಕಡ್ಡಿ ಒಂದು ಕ್ಷಣ ನಿಂತಿತು. ಏಳು. ಅಸಿಸ್ಟೆಂಟ್ "ಏಳಾ ಡಾಕ್ಟ್ರೇ?" ಅಂತ ಇನ್ನೊಂದು ಸಲ ಕೇಳಿದರು. ಬಾಯಿ ತೆರೆದುಕೊಂಡು ಮಲಗಿದ್ದ ನನಗೆ ಲೈಟು ನೋಡುವುದು ಬಿಟ್ಟು ಬೇರೆ ಏನೂ ಮಾಡುವ ಹಾಗಿರಲಿಲ್ಲ.

ಮೊದಲು ಮಾಮೂಲಿ ಡೀಪ್ ಕ್ಲೀನಿಂಗ್, ಅಂದರೆ ಕೊಯ್ಯದೆ ವಸಡಿನ ಒಳಗಿನ ಕಿಟ್ಟ ಕೆರೆಯೋದು, ಆರು ವಾರ ಬಿಟ್ಟು ಮತ್ತೆ ಅಳತೆ, ಆಮೇಲೆ ಯೋಚನೆ ಅಂದರು. ನನಗೆ ಆಗ ಸಿಟ್ಟು ಬಂತು, ಲೇಸರ್ ಕೇಳಿದರೆ ಇವರು ಕೆರೆಯೋಕೆ ಹೊರಟಿದ್ದಾರಲ್ಲ ಅಂತ. ಆದರೆ ಆರು ವಾರದ ನಂತರ ನಾಲ್ಕು, ಐದು ಇದ್ದ ಜಾಗಗಳು ಬಹುತೇಕ ಮೂರಕ್ಕೆ ಇಳಿದಿದ್ದವು. ಉಳಿದದ್ದು ಹಿಂದಿನ ಎರಡು ಮೂರು ಹಲ್ಲುಗಳ ಆಳದ ಪಾಕೆಟ್ ಮಾತ್ರ. ಅಂದರೆ ಮೊದಲನೆಯ ಕ್ಲಿನಿಕ್‌ನ ಮಾತು ಕೇಳಿದ್ದರೆ ಬೇಡದ ಜಾಗಕ್ಕೂ ಲೇಸರ್ ಬಿದ್ದಿರುತ್ತಿತ್ತು, ಬಿಲ್ಲೂ ಅದಕ್ಕೆ ತಕ್ಕ ಹಾಗೆ ಆಗುತ್ತಿತ್ತು.

ಲೇಸರ್ ದಿನದ ವಿಷಯಕ್ಕೆ ಬರೋಣ. ನನಗೆ ಮಾಡಿದ್ದು ಮೇಲೆ ಹೇಳಿದ ಮೂರನೆಯದು, ಎನ್‌ಡಿ ಯಾಗ್ ಇಟ್ಟುಕೊಂಡು ಮಾಡುವ ಲಾನಾಪ್. ಮರಗಟ್ಟುವ ಇಂಜೆಕ್ಷನ್ ಇದಕ್ಕೂ ಕೊಡುತ್ತಾರೆ, ಸೂಜಿಗೆ ಹೆದರಿ ಲೇಸರ್ ಆರಿಸಿಕೊಂಡವರು ಗಮನಿಸಿ. ಕಣ್ಣಿಗೆ ಬಣ್ಣದ ಕನ್ನಡಕ ಹಾಕಿದರು. ಕತ್ತಿಯ ಬದಲು ಕೂದಲಿಗಿಂತ ದಪ್ಪಗಿನ ಗಾಜಿನ ಎಳೆ. ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಗುರಿ ತೋರಿಸೋಕೆ ಬೇರೆ ಒಂದು ಕೆಂಪು ಚುಕ್ಕೆ ಇರುತ್ತದೆ. ಆ ಎಳೆಯನ್ನು ಸಂದಿಗೆ ಇಳಿಸಿ, ಪಾಕೆಟ್ಟಿನ ಒಳಮೈಯಲ್ಲಿ ಕೆಟ್ಟ ಪದರವನ್ನಷ್ಟೇ ಸುಟ್ಟು ತೆಗೆಯುತ್ತಾರೆ. ಕಪ್ಪು ಬಣ್ಣ ಈ ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ, ವಸಡು ಕೆಡಿಸುವ ಕೆಲವು ಬ್ಯಾಕ್ಟೀರಿಯಾಗಳೂ ಕಪ್ಪು ಬಣ್ಣದವೇ. ಟಿಕ್ ಟಿಕ್ ಅಂತ ಸಣ್ಣ ಸದ್ದು, ಸ್ವಲ್ಪ ಸುಟ್ಟ ವಾಸನೆ. ಆಮೇಲೆ ಬಂದದ್ದು ಯಾವುದು ಗೊತ್ತಾ? ಕಂಪಿಸಿ ಕಿಟ್ಟ ಉದುರಿಸುವ ಅದೇ ಹಳೇ ಅಲ್ಟ್ರಾಸಾನಿಕ್ ಮಷೀನು, ಗುಂಯ್ ಅಂತ. ಬೇರಿಗೆ ಅಂಟಿದ ಕಿಟ್ಟವನ್ನು ಈ ಲೇಸರ್ ತೆಗೆಯುವುದಿಲ್ಲ, ಅದನ್ನು ಕೆರೆದೇ ತೆಗೆಯಬೇಕು. ಕೊನೆಗೆ ಇನ್ನೊಂದು ಸುತ್ತು ಲೇಸರ್, ರಕ್ತ ಹೆಪ್ಪುಗಟ್ಟಿ ಸಂದಿನ ಬಾಯಿ ಮುಚ್ಚುವ ಹಾಗೆ. ಹೊಲಿಗೆ ಇಲ್ಲ. ಎಡಗಡೆ ಅಷ್ಟಕ್ಕೇ ಒಂದೂವರೆ ಗಂಟೆ ಹಿಡಿಯಿತು.

ಇಲ್ಲಿ ನನ್ನದೊಂದು ತಕರಾರು. ಕೆಲಸ ಮುಗಿಯಿತು ಅಂದುಕೊಂಡು ಏಳೋಕೆ ಹೊರಟರೆ, ಬಣ್ಣದ ಕಾಗದ ಕಚ್ಚಿಸಿ ನೋಡಿ ಎರಡು ಹಲ್ಲಿನ ಮೇಲ್ಭಾಗ ಸ್ವಲ್ಪ ಸವೆಸಿದರು. ಅಲ್ಲಾಡುವ ಹಲ್ಲಿಗೆ ಕಚ್ಚುವಾಗ ಭಾರ ಬೀಳಬಾರದು ಅಂತ ಇದು ಚಿಕಿತ್ಸೆಯದೇ ಭಾಗವಂತೆ. ಕಾರಣ ಸರಿಯೇ ಇರಬಹುದು, ಆದರೆ ಸವೆಸಿದ ಹಲ್ಲು ವಾಪಸ್ ಬರುತ್ತಾ? ಮೊದಲೇ ಒಂದು ಮಾತು ಹೇಳಬೇಕಿತ್ತು.

ಆಮೇಲಿನ ದಿನಗಳಲ್ಲಿ ಮಾತ್ರ ಎರಡಕ್ಕೂ ಅಜಗಜಾಂತರ. ಸರ್ಜರಿಗೆ ನಾಲ್ಕು ದಿನ ಮಾತ್ರೆ ನುಂಗಿದ್ದೆ, ಇಲ್ಲಿ ಮೊದಲ ರಾತ್ರಿ ಒಂದು ಮಾತ್ರೆ, ಅಷ್ಟೇ. ಊತ ಇಲ್ಲವೇ ಇಲ್ಲ ಅನ್ನುವಷ್ಟು. ಮಾರನೇ ದಿನ ಕೆಲಸಕ್ಕೆ ಹೋದೆ. ಆದರೆ ಆ ಹೆಪ್ಪು ಕದಲಬಾರದು ಅಂತ ಕೆಲವು ದಿನ ಬರೀ ನೀರು ನೀರು ಊಟ, ಆಮೇಲೆ ಮೆತ್ತಗಿನದು. ಆ ಕಡೆ ಬ್ರಶ್ ಹಾಕುವ ಹಾಗಿಲ್ಲ, ಡಾಕ್ಟರ್ ಕೊಟ್ಟ ನೀರಿನಲ್ಲಿ ಸುಮ್ನೆ ಬಾಯಿ ತೊಳೆಯೋದು, ಜೋರಾಗಿ ಮುಕ್ಕಳಿಸೋದೂ ಬೇಡ. ಮೂರನೇ ದಿನಕ್ಕೆ ನನ್ನ ಬಾಯಿ ನನಗೇ ಬೇಡವಾಗಿತ್ತು. ಇನ್ನೊಂದು, ತಿಂಗಳುಗಟ್ಟಲೆ ಪಾಕೆಟ್ ಅಳೆಯೋ ಹಾಗಿಲ್ಲ, ಕಡ್ಡಿ ಚುಚ್ಚಿದರೆ ಕೂಡುತ್ತಿರುವುದು ಬಿಟ್ಟುಹೋಗುತ್ತದೆ. ದುಡ್ಡು ಕೊಟ್ಟು ಒಂಬತ್ತು ತಿಂಗಳು ಫಲಿತಾಂಶ ಗೊತ್ತಿಲ್ಲದೆ ಕೂರೋದು ಇದೆಯಲ್ಲ, ಅದು ಕಷ್ಟ.

ಒಂಬತ್ತು ತಿಂಗಳಿಗೆ ಅಳೆದಾಗ 7 ಇದ್ದದ್ದು 4, 6 ಇದ್ದದ್ದು 3. ವಸಡು ಬಲಗಡೆಯಷ್ಟು ಕೆಳಗೆ ಸರಿದಿಲ್ಲ, ಕನ್ನಡಿಯಲ್ಲಿ ನೋಡಿದರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ತಣ್ಣೀರಿಗೆ ಜುಂ ಅನ್ನುವುದೂ ಕಡಿಮೆ. ಹಿಂದಿನ ಒಂದು ದವಡೆ ಹಲ್ಲು ಮಾತ್ರ ಹಟ ಹಿಡಿದು 6ರಲ್ಲೇ ನಿಂತಿದೆ. ಅದರ ಎರಡು ಬೇರು ಕವಲೊಡೆಯುವ ಜಾಗಕ್ಕೇ ಕಾಯಿಲೆ ಹೋಗಿದೆಯಂತೆ, ಅಂಥ ಮೂಲೆಗೆ ಯಾವ ಸಲಕರಣೆಯೂ ಸರಿಯಾಗಿ ತಲುಪುವುದಿಲ್ಲವಂತೆ. ಮೂಳೆ ಮತ್ತೆ ಬೆಳೆದಿದೆಯಾ ಅಂತ ಕೇಳಿದೆ. ಎಕ್ಸ್‌ರೇ ಹಿಡಿದು ತೋರಿಸಿ, "ಇಲ್ಲಿ ಸ್ವಲ್ಪ ಗಟ್ಟಿಯಾದ ಹಾಗಿದೆ, ಜಾಸ್ತಿ ಆಸೆ ಇಟ್ಕೋಬೇಡಿ" ಅಂದರು. ಆ ಮಾತಿಗೇ ನಾನು ಈ ಡಾಕ್ಟರನ್ನು ಬಿಡದೆ ಇರುವುದು.

ಲೇಸರ್‌ನಿಂದಲೇ ಇಷ್ಟೆಲ್ಲ ಆಯಿತು ಅಂತ ನಾನು ಹೇಳಲ್ಲ. ಅಮೆರಿಕದ ವಸಡು ತಜ್ಞರ ಅಕಾಡೆಮಿ 2018ರಲ್ಲಿ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ, ಮಾಮೂಲಿ ಡೀಪ್ ಕ್ಲೀನಿಂಗ್ ಜೊತೆ ಲೇಸರ್ ಸೇರಿಸಿದರೆ ಸಿಗುವ ಹೆಚ್ಚಿನ ಲಾಭ ಒಂದು ಮಿಲಿಮೀಟರಿಗಿಂತ ಕಡಿಮೆ ಅಂತ ಕಂಡಿತ್ತು. ನನ್ನ ಬಾಯಿ ಒಂದೇ ಬಾಯಿ. ಜೊತೆಗೆ ಸರ್ಜರಿ ಆದಮೇಲೆ ನಾನು ಆರು ತಿಂಗಳು ಡಾಕ್ಟರ್ ಕಡೆ ತಲೆ ಹಾಕಿರಲಿಲ್ಲ, ಲೇಸರ್ ಆದಮೇಲೆ ಮೂರು ತಿಂಗಳಿಗೊಮ್ಮೆ ತಪ್ಪದೆ ಹೋಗಿದ್ದೇನೆ, ಹಲ್ಲಿನ ಸಂದಿಗೆ ಹಾಕುವ ಪುಟ್ಟ ಬ್ರಶ್ಶನ್ನೂ ದಿನಾ ಬಳಸುತ್ತಿದ್ದೇನೆ. ಹಾಗಾಗಿ ಎಡಗಡೆಗೆ ಸ್ವಲ್ಪ ಪಕ್ಷಪಾತ ಆಗಿದೆ. ಇನ್ನು ಬೀಡಿ ಸಿಗರೇಟು ಬಿಡದವರಿಗೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ ಕತ್ತಿಯಾದರೂ ಅಷ್ಟೇ, ಲೇಸರ್ ಆದರೂ ಅಷ್ಟೇ, ಗಾಯ ಕೂಡುವುದು ನಿಧಾನ.

ಸ್ಟಾರ್ ಕೊಡಲೇಬೇಕು ಅಂದರೆ ಐದಕ್ಕೆ ಮೂರೂವರೆ. ನೋವು ಕಡಿಮೆ, ವಸಡು ಉಳಿಯಿತು, ಅದಕ್ಕೆ ಮೂರು. ಅಳೆದು, ಕಾದು, ಬೇಕಾದ ಕಡೆಗಷ್ಟೇ ಮಾಡಿದ್ದಕ್ಕೆ ಇನ್ನೊಂದು. ಹೇಳದೆ ಹಲ್ಲು ಸವೆಸಿದ್ದಕ್ಕೆ ಅರ್ಧ ಕಟ್. ಆ ಹಟಮಾರಿ ದವಡೆ ಹಲ್ಲಿಗೆ ಮುಂದಿನ ತಿಂಗಳು ಫ್ಲಾಪ್ ಸರ್ಜರಿಗೆ ದಿನ ಕೊಟ್ಟಿದ್ದಾರೆ.