ಬಿಗ್ ಡೇ ಅಥವಾ ಬಿಗ್ ಸಿಟ್: ನಿಮ್ಮ ತಂಡಕ್ಕೆ ಯಾವುದು ಸರಿ?

ಹಕ್ಕಿ ನೋಡುತ್ತಲೇ ಸಂರಕ್ಷಣೆಗೆ ಹಣ ಕೂಡಿಸಬೇಕೆನ್ನುವ ತಂಡದ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ಬಿಗ್ ಡೇಯಲ್ಲಿ 24 ಗಂಟೆಯೊಳಗೆ ಜಾಗದಿಂದ ಜಾಗಕ್ಕೆ ಓಡಾಡಿ ಆದಷ್ಟು ಹೆಚ್ಚು ಪ್ರಭೇದ ಗುರುತಿಸಬೇಕು. ಅಮೆರಿಕದ ನ್ಯೂಜೆರ್ಸಿಯಲ್ಲಿ 1984ರಲ್ಲಿ ಶುರುವಾದ ವರ್ಲ್ಡ್ ಸೀರೀಸ್ ಆಫ್ ಬರ್ಡಿಂಗ್ ಎಂಬ ಸ್ಪರ್ಧೆ ಈ ಬಗೆಯದು. ಬಿಗ್ ಸಿಟ್‌ನಲ್ಲಿ 17 ಅಡಿ ವ್ಯಾಸದ ವೃತ್ತದೊಳಗಿಂದ ಕಂಡ ಅಥವಾ ಕೇಳಿಸಿದ ಹಕ್ಕಿ ಮಾತ್ರ ಲೆಕ್ಕಕ್ಕೆ.

ಬಿಗ್ ಡೇ ಕೈಕೊಡುವುದು ಹೆಚ್ಚಾಗಿ ನಕ್ಷೆಯಲ್ಲೇ. ಜಾಗಗಳು ಜಾಸ್ತಿಯಾದರೆ ಹಕ್ಕಿಗಳು ಚುರುಕಾಗಿರುವ ಮುಂಜಾವು ರಸ್ತೆಯಲ್ಲೇ ಕಳೆದುಹೋಗುತ್ತದೆ. ಒಂದು ವಾರ ಮೊದಲೇ ದಾರಿ ಸುತ್ತಿ ನೋಡಿ, ಪ್ರತಿ ಜಾಗಕ್ಕೂ ಹೊರಡುವ ಸಮಯ ಬರೆದಿಡಿ. ಗೂಬೆಗೆ ರಾತ್ರಿ, ಕಾಡುಹಕ್ಕಿಗೆ ಬೆಳಗು, ಹದ್ದು-ಗಿಡುಗಗಳಿಗೆ ಬಿಸಿಲೇರಿದ ಹೊತ್ತು. ನಿದ್ದೆಗೆಟ್ಟವರು ವಾಹನ ಓಡಿಸಬಾರದು. ಇದರಲ್ಲಿ ರಾಜಿಯೇ ಬೇಡ.

ಬಿಗ್ ಸಿಟ್‌ಗೆ ಜಾಗವೇ ಜೀವಾಳ. ನೀರು, ಬಯಲು, ಮರಗಳ ಅಂಚು ಮೂರೂ ಕಾಣುವ ಎತ್ತರ ಹುಡುಕಿ. ಸೂರ್ಯ ಬೆನ್ನ ಹಿಂದಿರಲಿ, ಇಲ್ಲವಾದರೆ ಎಲ್ಲವೂ ಕರಿನೆರಳು. ಒಂದು ಸ್ಪಾಟಿಂಗ್ ಸ್ಕೋಪ್ (ದೂರದ ಹಕ್ಕಿ ನೋಡಲು ಮುಕ್ಕಾಲಿಯ ಮೇಲಿಡುವ ದೂರದರ್ಶಕ) ಇಲ್ಲಿ ನಾಲ್ಕು ಬೈನಾಕ್ಯುಲರ್‌ಗಳಿಗಿಂತ ಉಪಯುಕ್ತ. ಮಕ್ಕಳು, ಹಿರಿಯರು, ಹೊಸಬರು ಸರದಿಯಲ್ಲಿ ಬಂದು ಹೋಗಬಹುದು, ಇಂಧನದ ಖರ್ಚೂ ಕಡಿಮೆ. ಹೊಸ ತಂಡಕ್ಕೆ ನಮ್ಮ ಆಯ್ಕೆ ಇದೇ.

ಗುರುತಿಸಿದ ಪ್ರತಿ ಪ್ರಭೇದಕ್ಕೆ ಇಷ್ಟು ಹಣ ಎಂಬ ದೇಣಿಗೆ ಬಿಗ್ ಡೇಗೆ ಒಪ್ಪುತ್ತದೆ. ಆದರೆ ಗರಿಷ್ಠ ಮಿತಿಯನ್ನು ಮೊದಲೇ ಕೇಳಿ, ಇಲ್ಲದಿದ್ದರೆ ಪಟ್ಟಿ ಉದ್ದವಾದಾಗ ದಾನಿ ಹಿಂಜರಿಯುತ್ತಾರೆ. ಬಿಗ್ ಸಿಟ್‌ನಲ್ಲಿ ಪಟ್ಟಿ ಚಿಕ್ಕದು. ನಿಗದಿತ ಮೊತ್ತವನ್ನು ಮುಂಚಿತವಾಗಿಯೇ ಪಡೆಯುವುದು ಮೇಲು.

ಎರಡರಲ್ಲೂ ಗೂಡಿನ ಹತ್ತಿರ ಧ್ವನಿಮುದ್ರಿಕೆ ನುಡಿಸಿ ಹಕ್ಕಿ ಕರೆಯಬೇಡಿ.