ಪಾಸ್‌ವರ್ಡ್ ಮರೆತ ಲ್ಯಾಪ್‌ಟಾಪನ್ನು ಅಂಗಡಿಗೆ ಕೊಡುವ ಮೊದಲು

ಕಳೆದ ಕೊಯ್ಲಿನ ಹೊತ್ತಿಗೆ ದಕ್ಷಿಣ ಕೊಡಗಿನ ಒಂದು ಕಾಫಿ ತೋಟದ ಆಫೀಸಿನಲ್ಲಿ ನಡೆದದ್ದಿದು. ಲೆಕ್ಕ ನೋಡಿಕೊಳ್ಳುತ್ತಿದ್ದ ರೈಟರ್ ಕೆಲಸ ಬಿಟ್ಟು ಊರಿಗೆ ಹೋದರು. ಲ್ಯಾಪ್‌ಟಾಪಿನ ಪಿನ್ ಬೇರೆ ಯಾರಿಗೂ ಗೊತ್ತಿರಲಿಲ್ಲ. ರೋಬಸ್ಟಾ ಕೊಯ್ಲು ಜೋರಾಗಿತ್ತು, ವಾರದ ಬಟವಾಡೆಗೆ ಚೆಕ್‌ರೋಲ್ (ಕೂಲಿಯವರ ಹಾಜರಿ ಪಟ್ಟಿ) ತುರ್ತಾಗಿ ಬೇಕಿತ್ತು. ಮನೆಯವರು ಪೇಟೆಯ ಅಂಗಡಿಗೆ ಒಯ್ದು "ಪಾಸ್‌ವರ್ಡ್ ತೆಗೆದುಕೊಡಿ" ಅಂದರು. ಅಂಗಡಿಯವರು ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿ ಕೊಟ್ಟರು. ಲ್ಯಾಪ್‌ಟಾಪ್ ತೆರೆಯಿತು. ಮೂರು ವರ್ಷದ ಕೂಲಿ ಲೆಕ್ಕ, ಚೀಲದ ಲೆಕ್ಕ, ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನ ಡಾಟಾ, ಒಂದೂ ಉಳಿದಿರಲಿಲ್ಲ. ಆಮೇಲೆ ರೈಟರಿಗೆ ಫೋನ್ ಮಾಡಿದಾಗ ತಿಳಿಯಿತು: ಖಾತೆ ಅವರ ಇಮೇಲ್‌ನಲ್ಲೇ ಇತ್ತು, ಅವರ ಫೋನಿಗೆ ಬರುವ ಒಂದು ಒಟಿಪಿಯಿಂದ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸವಾಗಿತ್ತು.

ಪಾಸ್‌ವರ್ಡ್ ಮರೆತರೆ ಒಂದು ಫೈಲೂ ಅಳಿಯುವುದಿಲ್ಲ. ಅಳಿಸುವುದು ಫಾರ್ಮ್ಯಾಟ್. "ಆಮೇಲೆ ರಿಕವರಿ ಮಾಡಿಸಿದರಾಯಿತು" ಎಂಬ ಧೈರ್ಯವೂ ಈಗ ಬೇಡ. ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಅಳಿಸಿದ ಫೈಲು ಎಷ್ಟೋ ಸಲ ಸಿಗುತ್ತಿತ್ತು. ಈಗಿನ ಲ್ಯಾಪ್‌ಟಾಪುಗಳಲ್ಲಿ ಅದರ ಬದಲಿಗೆ ಬರುವ ಎಸ್‌ಎಸ್‌ಡಿಯಲ್ಲಿ ಟ್ರಿಮ್ ಎಂಬ ವ್ಯವಸ್ಥೆ ಖಾಲಿಯಾದ ಜಾಗವನ್ನು ಬೇಗನೆ ನಿಜವಾಗಿಯೇ ಒರೆಸಿಬಿಡುತ್ತದೆ. ಡ್ರೈವ್ ವಿಂಡೋಸಿನದೇ ಬೀಗವಾದ ಬಿಟ್‌ಲಾಕರ್‌ನಲ್ಲಿ ಎನ್‌ಕ್ರಿಪ್ಟ್ ಆಗಿದ್ದರಂತೂ (ಅಂದರೆ ಕೀ ಇಲ್ಲದೆ ಓದಲಾಗದಂತೆ ಗೂಢಲಿಪಿಯಾಗಿದ್ದರೆ) ಫಾರ್ಮ್ಯಾಟ್‌ನ ಜೊತೆಗೆ ಬೀಗ ತೆಗೆಯುವ ಮಾಹಿತಿಯೂ ಹೋಗುತ್ತದೆ. ಉಳಿದ ಚೂರುಪಾರು ಯಾರ ಕೈಗೆ ಸಿಕ್ಕರೂ ಓದಲು ಬರುವುದಿಲ್ಲ.

ಹಾಗಾಗಿ ಮೊದಲು ಕೂತು ನೋಡಿ. ನಂಬರ್ ಪ್ಯಾಡಿನಲ್ಲಿ ಪಿನ್ ಒತ್ತುತ್ತಿದ್ದರೆ ನಮ್ ಲಾಕ್ ಆನ್ ಇದೆಯೇ? ಕ್ಯಾಪ್ಸ್ ಲಾಕ್? ಕನ್ನಡ ಕೀಬೋರ್ಡ್ ಹಾಕಿಕೊಂಡ ಯಂತ್ರವಾದರೆ ಬಲಗಡೆ ಕೆಳಗೆ ಭಾಷೆ ಇಂಗ್ಲಿಷ್ ಎಂದಿದೆಯೇ? ಪಾಸ್‌ವರ್ಡ್ ಪೆಟ್ಟಿಗೆಯ ಕಣ್ಣಿನ ಗುರುತನ್ನು ಒತ್ತಿ ಹಿಡಿದರೆ ಹೊಡೆದದ್ದು ಕಾಣುತ್ತದೆ. ಸುಮ್ಮನೆ ಊಹಿಸಿ ಊಹಿಸಿ ಹೊಡೆಯಬೇಡಿ. ಹೊಸ ವಿಂಡೋಸ್ 11ರಲ್ಲಿ ಹತ್ತು ಸಲ ತಪ್ಪಿದರೆ ಲೋಕಲ್ ಖಾತೆ (ಇಮೇಲ್ ಇಲ್ಲದೆ ಆ ಯಂತ್ರದಲ್ಲಷ್ಟೇ ಇರುವ ಖಾತೆ) ಹತ್ತು ನಿಮಿಷ ಲಾಕ್ ಆಗುತ್ತದೆ.

ಪಿನ್ ಬೇರೆ, ಪಾಸ್‌ವರ್ಡ್ ಬೇರೆ ಎಂಬುದನ್ನೂ ತುಂಬಾ ಜನ ಗಮನಿಸುವುದಿಲ್ಲ. ಪಿನ್ ಆ ಒಂದು ಯಂತ್ರಕ್ಕೆ ಮಾತ್ರ. ಪಾಸ್‌ವರ್ಡ್ ಖಾತೆಯದು. ಪಿನ್ ಮರೆತಿದ್ದರೂ ಪಾಸ್‌ವರ್ಡ್ ನೆನಪಿದ್ದರೆ 'ಸೈನ್ ಇನ್ ಆಪ್ಷನ್ಸ್'ನಲ್ಲಿ ಕೀಲಿಯ ಚಿತ್ರ ಒತ್ತಿ ಅದನ್ನೇ ಹಾಕಿ ಒಳಗೆ ಹೋಗಬಹುದು.

ಹೆಸರಿನ ಕೆಳಗೆ ಇಮೇಲ್ ಕಂಡರೆ ಅದು ಮೈಕ್ರೋಸಾಫ್ಟ್ ಖಾತೆ. ಅದರ ಪಾಸ್‌ವರ್ಡನ್ನು ಬೇರೆ ಫೋನಿನಿಂದ, ಮೈಕ್ರೋಸಾಫ್ಟಿನ ಸ್ವಂತ ಜಾಲತಾಣದಲ್ಲಿ ಬದಲಿಸಬಹುದು. ಒಟಿಪಿ ಹಳೆಯ ನಂಬರಿಗೆ ಹೋಗುತ್ತಿದ್ದರೆ ಆ ಸಿಮ್ ಯಾರ ಕೈಯಲ್ಲಿದೆ ಎಂದು ಹುಡುಕುವುದೇ ಒಳ್ಳೆಯದು. ಭದ್ರತಾ ವಿವರಗಳನ್ನೆಲ್ಲ ಪೂರ್ತಿ ಬದಲಿಸಲು ಹೊರಟರೆ 30 ದಿನ ಕಾಯಬೇಕು. ಪಾಸ್‌ವರ್ಡ್ ಬದಲಿಸಿದ ಮೇಲೆ ಲ್ಯಾಪ್‌ಟಾಪಿಗೆ ಇಂಟರ್‌ನೆಟ್ ಇರಲೇಬೇಕು. ಇಲ್ಲದಿದ್ದರೆ ಅದು ಹಳೆಯದನ್ನೇ ಕೇಳುತ್ತಿರುತ್ತದೆ. ಮಳೆಗಾಲದಲ್ಲಿ ಲೈನ್ ಹೋಗಿ ವೈಫೈ ಸತ್ತಿರುವಾಗ "ಹೊಸ ಪಾಸ್‌ವರ್ಡೂ ತಗೊಳ್ತಿಲ್ಲ" ಎಂದು ಗಾಬರಿಯಾಗುವುದು ಇದಕ್ಕೇ. ಸಿಗ್ನಲ್ ಸಿಗುವ ಕಡೆ ಹೋಗಿ ಫೋನಿನ ಹಾಟ್‌ಸ್ಪಾಟ್ ಕೊಡಿ. ವೈಫೈ ಗುರುತು ಲಾಗಿನ್ ಪರದೆಯಲ್ಲೇ ಇದೆ.

ಇಮೇಲ್ ಇಲ್ಲದ ಲೋಕಲ್ ಖಾತೆಯಾದರೆ ಒಮ್ಮೆ ತಪ್ಪು ಪಾಸ್‌ವರ್ಡ್ ಹಾಕಿದ ಮೇಲೆ 'ರಿಸೆಟ್ ಪಾಸ್‌ವರ್ಡ್' ಬರುತ್ತದೆ. ಮೊದಲೇ ಕೊಟ್ಟಿದ್ದ ಮೂರು ಪ್ರಶ್ನೆಗಳಿಗೆ ಉತ್ತರಿಸಿದರೆ ಮುಗಿಯಿತು. ಯಂತ್ರದಲ್ಲಿ ಇನ್ನೊಬ್ಬ ಅಡ್ಮಿನ್ ಇದ್ದರೆ ಅವರೂ ಬದಲಿಸಬಹುದು. ಆದರೆ ಆ ದಾರಿಯಲ್ಲಿ ಬ್ರೌಸರ್‌ನಲ್ಲಿ ಉಳಿಸಿದ್ದ ಪಾಸ್‌ವರ್ಡುಗಳು ಕೈಬಿಟ್ಟು ಹೋಗಬಹುದು.

ವಿಂಡೋಸನ್ನು ಹೊಸದಾಗಿ ಹಾಕುವ 'ರಿಸೆಟ್ ದಿಸ್ ಪಿಸಿ'ಯಲ್ಲಿ 'ಕೀಪ್ ಮೈ ಫೈಲ್ಸ್' ಒತ್ತಿ ನೋಡೋಣ ಎನ್ನುವವರಿದ್ದಾರೆ. ಫೈಲು ಉಳಿಯುತ್ತದೆ, ಆದರೆ ಖಾತೆಯೂ ಅದರ ಪಾಸ್‌ವರ್ಡೂ ಹಾಗೇ ಉಳಿಯುತ್ತವೆ. ನೀವು ಹಾಕಿಕೊಂಡಿದ್ದ ಸಾಫ್ಟ್‌ವೇರ್ ಮಾತ್ರ ಹೋಗುತ್ತದೆ. ಮೊದಲಿಗಿಂತ ಹೆಚ್ಚು ಕೆಲಸ.

ಅಂಗಡಿಗೆ ಕೊಡಲೇಬೇಕಾದರೆ ಕೈಬಿಡುವ ಮುನ್ನ ಸ್ಪಷ್ಟವಾಗಿ ಹೇಳಿ: ಡಾಟಾ ಕಾಪಿ ಆಗದೆ ಫಾರ್ಮ್ಯಾಟ್ ಮಾಡಬಾರದು. ಚೀಟಿಯ ಮೇಲೆ ಬರೆಸಿಕೊಳ್ಳಿ. ಡ್ರೈವ್ ಎನ್‌ಕ್ರಿಪ್ಟ್ ಆಗಿರದಿದ್ದರೆ ಅದನ್ನು ಬಿಚ್ಚಿ ಯುಎಸ್‌ಬಿ ಕೇಸಿನಲ್ಲಿ ಹಾಕಿ ಇನ್ನೊಂದು ಕಂಪ್ಯೂಟರಿನಿಂದ ಎಲ್ಲವನ್ನೂ ನಕಲು ಮಾಡಿಕೊಳ್ಳಬಹುದು. 'ಯೂಸರ್ಸ್' ಫೋಲ್ಡರ್ ಪೂರ್ತಿ ತೆಗೆಯಲು ಹೇಳಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಮಾತ್ರ ತೆಗೆದರೆ ಸಾಲದು. ಟ್ಯಾಲಿ ಪ್ರೈಮ್ ತನ್ನ ಡಾಟಾವನ್ನು ಸಾಮಾನ್ಯವಾಗಿ ಸಿ ಡ್ರೈವಿನ ಯೂಸರ್ಸ್ ಒಳಗಿನ ಪಬ್ಲಿಕ್ ಫೋಲ್ಡರಿನಲ್ಲಿ ಇಡುತ್ತದೆ. ಎಷ್ಟೋ ಕಡೆ ತಪ್ಪಿಹೋಗುವುದು ಅದೇ.

ಡ್ರೈವ್ ಎನ್‌ಕ್ರಿಪ್ಟ್ ಆಗಿದ್ದರೆ 48 ಅಂಕಿಯ ರಿಕವರಿ ಕೀ ಬೇಕೇ ಬೇಕು. ಆರಾರು ಅಂಕಿಯ ಎಂಟು ಗುಂಪು. "ನಾವು ಎನ್‌ಕ್ರಿಪ್ಷನ್ ಆನ್ ಮಾಡಿಯೇ ಇಲ್ಲ" ಎನ್ನಬೇಡಿ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಸೈನ್ ಇನ್ ಆದರೆ, ಹೋಮ್ ಆವೃತ್ತಿಯಲ್ಲೂ ಅದು ತಾನಾಗಿ ಆನ್ ಆಗುತ್ತದೆ. ಕೀ ಹೋಗಿ ಕೂರುವುದು ಯಂತ್ರವನ್ನು ಮೊದಲು ಸೆಟಪ್ ಮಾಡಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿ. ಅದು ನಿಮ್ಮದಿರಬಹುದು, ಹಳೆಯ ರೈಟರದ್ದಿರಬಹುದು, ಮಾರಿದ ಅಂಗಡಿಯ ಹುಡುಗನದ್ದೂ ಇರಬಹುದು! ಆ ಖಾತೆಗೆ ಲಾಗಿನ್ ಆಗಿ aka.ms/myrecoverykey ವಿಳಾಸ ತೆರೆದರೆ ಕಾಣುತ್ತದೆ. ಲ್ಯಾಪ್‌ಟಾಪ್ ಕೀ ಕೇಳುವಾಗ ಬರುವ ನೀಲಿ ಪರದೆಯ ಮೇಲಿನ ಕೀ ಐಡಿಯ ಮೊದಲ ಎಂಟು ಅಕ್ಷರ ತಾಳೆಯಾಗಬೇಕು.

ಪಾಸ್‌ವರ್ಡ್ ಸರಿಯಾಗಿ ನೆನಪಿದ್ದವರಿಗೂ ಈ ಕೀ ಬೇಕಾಗುತ್ತದೆ, ನಮ್ಮ ಕಡೆ ವಿಶೇಷವಾಗಿ. ಹೂಮಳೆಯ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆಯ) ಗುಡುಗು ಸಿಡಿಲಿಗೆ ಮದರ್‌ಬೋರ್ಡ್ ಸುಟ್ಟು ಬೇರೆ ಹಾಕಿಸಿದರೆ, ಬೀಗ ತೆಗೆಯುತ್ತಿದ್ದ ಟಿಪಿಎಂ ಚಿಪ್ ಹಳೆಯ ಬೋರ್ಡಿನ ಜೊತೆಗೇ ಹೋಗಿರುತ್ತದೆ. ಹೊಸ ಬೋರ್ಡ್ ಮೊದಲು ಕೇಳುವುದೇ ಆ 48 ಅಂಕಿ. ಈಗಲೇ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯೂರಿಟಿ, ಡಿವೈಸ್ ಎನ್‌ಕ್ರಿಪ್ಷನ್ ನೋಡಿ. ಆನ್ ಇದ್ದರೆ ಕೀಯನ್ನು ಪ್ರಿಂಟ್ ತೆಗೆದು ಆರ್‌ಟಿಸಿ, ತೋಟದ ಕಾಗದಪತ್ರ ಇಡುವ ಬೀರುವಿನಲ್ಲೇ ಇಡಿ. ಅದೇ ಲ್ಯಾಪ್‌ಟಾಪಿನಲ್ಲಿ ಸೇವ್ ಮಾಡಿಟ್ಟರೆ ಬೇಕಾದಾಗ ಸಿಗುವುದಿಲ್ಲ.

"ನಿಮ್ಮ ಪಾಸ್‌ವರ್ಡ್ 24 ಗಂಟೆಯಲ್ಲಿ ಮುಗಿಯುತ್ತದೆ, ಇಲ್ಲಿ ಒತ್ತಿ" ಎಂಬ ಮೇಲ್ ಬಂದರೆ ಒತ್ತಬೇಡಿ. ನಿಜವಾಗಿ ಬದಲಿಸಬೇಕಿದ್ದರೆ ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತಿದಾಗ ಅಲ್ಲೇ 'ಚೇಂಜ್ ಎ ಪಾಸ್‌ವರ್ಡ್' ಇರುತ್ತದೆ. ಹುಡುಕಿದಾಗ ಸಿಗುವ ಕಸ್ಟಮರ್ ಕೇರ್ ನಂಬರುಗಳನ್ನೂ ನಂಬಬೇಡಿ. ಅಲ್ಲಿ ಮಾತಾಡುವ ವಂಚಕರು ಫೋನಿಗೆ ಸ್ಕ್ರೀನ್ ಹಂಚುವ ಆ್ಯಪ್ ಹಾಕಿಸಿ ನಿಮ್ಮ ಒಟಿಪಿಯನ್ನು ತಾವೇ ಓದಿಕೊಳ್ಳುತ್ತಾರೆ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ರೈಟರ್ ಬಿಡುತ್ತಾರೆ ಎಂದು ಗೊತ್ತಾದ ದಿನವೇ ಅವರ ಪಕ್ಕ ಅರ್ಧ ಗಂಟೆ ಕೂರಿ. ಒಟಿಪಿ ಅವರ ಫೋನಿಗೇ ಬರುವುದರಿಂದ ಅವರು ಎದುರಿಗಿರುವಾಗಲೇ ಖಾತೆಗೆ ನಿಮ್ಮ ನಂಬರ್ ಸೇರಿಸಿ, ಅದಕ್ಕೆ ಒಟಿಪಿ ಬರುತ್ತದೆಂದು ಖಚಿತವಾದ ಮೇಲೆ ಅವರದ್ದನ್ನು ತೆಗೆಯಿರಿ. ಟ್ಯಾಲಿಯ ಡಾಟಾಕ್ಕೇ ಬೀಗ ಹಾಕುವ ಟ್ಯಾಲಿ ವಾಲ್ಟ್ ಪಾಸ್‌ವರ್ಡ್ ಇದ್ದರೆ ಅದನ್ನೂ ಅವರ ಕೈಯಲ್ಲೇ ಬರೆಸಿಕೊಳ್ಳಿ. ಅದು ಮರೆತರೆ ವಾಪಸು ತೆಗೆಯುವ ದಾರಿಯೇ ಇಲ್ಲ.