ಡೈಲಾಗ್ ಪಿಸುಪಿಸು, ಫೈಟಿಗೆ ಮನೆ ಗಡಗಡ: ನೈಟ್ ಮೋಡಾ, ವಿಎಲ್‌ಸಿಯಾ, ಸೌಂಡ್‌ಬಾರಾ?

ಮುಂಬೈ ಹತ್ರದ ಡೊಂಬಿವಲಿಯಲ್ಲಿ ನಮ್ಮದು ರೈಲ್ವೆ ಟ್ರ್ಯಾಕಿನ ಪಕ್ಕದ ಬಿಲ್ಡಿಂಗು, ಒನ್ ಬಿಎಚ್‌ಕೆ, ಮೇಲೆ ಫ್ಯಾನ್ ಐದರಲ್ಲಿ ತಿರುಗ್ತಾ ಇರ್ತದೆ. ಉಡುಪಿಯಿಂದ ಅಮ್ಮ ಬಂದಿದ್ದಾರೆ, ರಾತ್ರಿ ಊಟ ಆದ್ಮೇಲೆ ಅವರಿಗೊಂದು ಪಿಚ್ಚರ್ ಬೇಕೇ ಬೇಕು. ಹೀರೋ ಅಪ್ಪನ ಹತ್ರ ಮೆಲ್ಲ ಎಂತದೋ ಹೇಳ್ತಾನೆ, ಅಮ್ಮ "ಅವ ಎಂತ ಹೇಳಿದ್ದು ಮಗಾ?" ಅಂತಾರೆ, ನಾನು 18ರಲ್ಲಿದ್ದ ವಾಲ್ಯೂಮನ್ನು 32ಕ್ಕೆ ಏರಿಸ್ತೇನೆ, ಅಷ್ಟರಲ್ಲಿ ಫೈಟ್ ಶುರು, ಶೋಕೇಸಿನ ಗ್ಲಾಸ್ ಗಡಗಡ, ಆಚೆ ಮನೆ ಮರಾಠಿ ಕಾಕು ಗೋಡೆ ತಟ್ಟಿ "ಆವಾಜ್ ಜರಾ ಕಮೀ ಕರಾ ಹೋ", ಸೌಂಡ್ ಸ್ವಲ್ಪ ಕಮ್ಮಿ ಮಾಡಿ ಅಂತ. ರಿಮೋಟಿನಲ್ಲಿ ಪ್ಲಸ್ ಗುರುತು ಉಜ್ಜಿ ಉಜ್ಜಿ ಅಳಿಸಿಯೇ ಹೋಗಿದೆ ಮಾರಾಯ್ರೆ.

ಯಾಕೆ ಹೀಗೆ ಅಂದ್ರೆ, ಪಿಚ್ಚರಿನ 5.1 ಮಿಕ್ಸಿನಲ್ಲಿ ಆರು ಚಾನೆಲ್ ಉಂಟಲ್ಲ, ಐದು ಸ್ಪೀಕರಿಗೆ, ಒಂದು ಬೇಸಿಗೆ, ಮಾತು ಹೆಚ್ಚಾಗಿ ಇರುದು ನಡುವಿನ ಸೆಂಟರ್ ಚಾನೆಲಲ್ಲಿ. ಹೆಚ್ಚಿನ ಟಿವಿಗೆ ಇರುದೇ ಎರಡು ಸ್ಪೀಕರ್, ಅದೂ ಸುಮಾರು ಟಿವಿಗಳಲ್ಲಿ ನೆಲಕ್ಕೋ ಗೋಡೆಗೋ ಮುಖ ಮಾಡಿಕೊಂಡು, ಹಾಗಾಗಿ ಸೆಂಟರನ್ನು ಮ್ಯೂಸಿಕ್ ಜೊತೆಗೇ ಅದರಲ್ಲಿ ತುರುಕ್ತದೆ. ಯಕ್ಷಗಾನದಲ್ಲಿ ಚೆಂಡೆ ಜೋರಾದ್ರೆ ಭಾಗವತರ ಪದ್ಯ ಕೇಳುದಿಲ್ಲಲ್ಲ, ಅದೇ ಕಥೆ. ಮತ್ತೆ ನೆಟ್‌ಫ್ಲಿಕ್ಸಿನ ಸ್ಪೆಕ್ ಪ್ರಕಾರ ಡೆಸಿಬಲ್ ಲೆಕ್ಕದಲ್ಲಿ (ಸೊನ್ನೆ ಅಂದ್ರೆ ಅತಿ ಜೋರು) ಮಾತಿನ ಸರಾಸರಿ ಮೈನಸ್ 27ರ ಆಸುಪಾಸು, ಪೀಕ್ ಮೈನಸ್ 2ರ ವರೆಗೆ ಹೋಗ್ಬಹುದು, ಫೈಟಿಗೆ ಕುಣಿಲಿಕ್ಕೆ ಎಷ್ಟು ಜಾಗ ನೋಡಿ.

ಒಂದೇ ಪಿಚ್ಚರಿನ ಅದೇ ಅರ್ಧ ಗಂಟೆ ಹಾಕಿ, ಎಷ್ಟು ಸಲ ರಿಮೋಟ್ ಮುಟ್ಟಬೇಕಾಯ್ತು ಅಂತ ಲೆಕ್ಕ ಇಟ್ಟೆ. ಏನೂ ಮಾಡದಿದ್ರೆ 14 ಸಲ.

ಟಿವಿಯ ನೈಟ್ ಮೋಡ್ ಹಾಕಿದೆ, 7ಕ್ಕೆ ಇಳೀತು. ಪುಕ್ಕಟೆ. ಫೈಟಿನ ಶಬ್ದ ತಗ್ಗುದು ಹೌದು, ಕಾಕುಗೆ ಖುಷಿ, ಆದ್ರೆ ಅಮ್ಮನ ಪ್ರಶ್ನೆ ನಿಲ್ಲಲಿಲ್ಲ. ವಯಸ್ಸಾದವರಿಗೆ ಮೊದಲು ಹೋಗುದು ಹೈ ಫ್ರೀಕ್ವೆನ್ಸಿ, ಸ, ತ, ಕ ಇಂಥ ಅಕ್ಷರ ಸವೆದು ಹೋಗ್ತವೆ, "ಕತ್ತಿ"ಯೋ "ಬತ್ತಿ"ಯೋ ಗೊತ್ತಾಗುದಿಲ್ಲ. ಅದಕ್ಕೆ ಈಕ್ವಲೈಸರಿಗೆ ಹೋಗಿ 100 ಹರ್ಟ್ಸ್ ಕೆಳಗೆ ಎಳೆದೆ, 3 ಕಿಲೋಹರ್ಟ್ಸ್ ಹತ್ರ ಸ್ವಲ್ಪ ಏರಿಸಿದೆ, ನೈಟ್ ಮೋಡಿಗಿಂತ ಇದೇ ಅಮ್ಮನಿಗೆ ಹೆಚ್ಚು ಉಪಯೋಗ ಆಯ್ತು. ಹಾಡು ಮಾತ್ರ ತಗಡಿನ ಡಬ್ಬದಲ್ಲಿ ಹಾಡಿದ ಹಾಗೆ.

ಒಟಿಟಿ ಆ್ಯಪಿನಲ್ಲಿ ಆಡಿಯೊ 5.1 ಬದಲು ಸ್ಟೀರಿಯೊ ಮಾಡಿ ಅಂತಾರಲ್ಲ, ಮಾಡಿದೆ, ಕೆಲವು ಪಿಚ್ಚರಿಗೆ ಸರಿಯಾಗ್ತದೆ, ಕೆಲವಕ್ಕೆ ಏನೂ ಇಲ್ಲ. ಎರಡು ನಿಮಿಷದ ಕೆಲಸ, ಮೊದಲು ಇದನ್ನೇ ನೋಡಿ. ಸಬ್‌ಟೈಟಲ್ ಇಂಗ್ಲಿಷಲ್ಲಿ ಇರುದು, ಅಮ್ಮನಿಗೆ ಆಗುದಿಲ್ಲ. ಬ್ಲೂಟೂತ್ ಹೆಡ್‌ಫೋನಲ್ಲಿ ತುಟಿ ಮೊದಲು, ಮಾತು ಮತ್ತೆ.

ನನಗೆ ನಿಜವಾಗಿ ಆಶ್ಚರ್ಯ ಆದದ್ದು ವಿಎಲ್‌ಸಿ, ಕಂಪ್ಯೂಟರಲ್ಲಿ ವಿಡಿಯೊ ಓಡಿಸುವ ಪುಕ್ಕಟೆ ಸಾಫ್ಟ್‌ವೇರ್. ಲ್ಯಾಪ್‌ಟಾಪನ್ನು ಎಚ್‌ಡಿಎಂಐ ವಯರಲ್ಲಿ ಟಿವಿಗೆ ಹಾಕಿ, ಕಂಟ್ರೋಲ್ ಇ ಒತ್ತಿ, ಆಡಿಯೊ ಎಫೆಕ್ಟ್ಸಲ್ಲಿ ಕಂಪ್ರೆಸರ್, ಅಂದ್ರೆ ಜೋರಿನ ಶಬ್ದ ಅದುಮುವ ಫಿಲ್ಟರ್, ಆನ್. ಥ್ರೆಶೋಲ್ಡ್ ಮೈನಸ್ 24, ರೇಶಿಯೊ 8, ಮೇಕಪ್ ಗೇನ್ 10 ಇಟ್ಟೆ. ಅಂದ್ರೆ ಮೈನಸ್ 24 ದಾಟಿದ ಶಬ್ದ 8 ಡೆಸಿಬಲ್ ಏರ್ಲಿಕ್ಕೆ ಹೋದ್ರೆ 1 ಮಾತ್ರ ಬಿಡ್ತದೆ, ಮತ್ತೆ ಇಡೀ ಶಬ್ದವನ್ನು 10 ಮೇಲೆ ಎತ್ತುತ್ತದೆ. ರಿಮೋಟ್ ಎರಡೇ ಸಲ ಮುಟ್ಟಿದ್ದು! ತೊಂದರೆ ಎಂತ ಅಂದ್ರೆ ಎಲ್ಲವೂ ಒಂದೇ ಎತ್ತರಕ್ಕೆ ಬರ್ತದೆ, ಸೀನಿನಲ್ಲಿ ಮೌನ ಇದ್ದಲ್ಲಿ ಜೀರುಂಡೆಯೂ ಜೋರು, ಮತ್ತೆ ಒಟಿಟಿ ಪಿಚ್ಚರ್ ಇದರಲ್ಲಿ ಓಡುದಿಲ್ಲ, ಕೈಯಲ್ಲಿರುವ ಫೈಲಿಗೆ ಮಾತ್ರ.

ಇನ್ನು ಸೌಂಡ್‌ಬಾರ್, ಟಿವಿ ಕೆಳಗೆ ಇಡುವ ಉದ್ದದ ಸ್ಪೀಕರ್. ಇಲ್ಲಿ ನಾನು ಮಂಗ ಆದೆ. ಅಂಗಡಿಯವ "ಡೈಲಾಗ್ ಕ್ಲಿಯರ್ ಸರ್" ಅಂತ 2.1 ಕೊಟ್ಟ, ಮನೆಗೆ ತಂದು ನೋಡಿದ್ರೆ ಸಬ್‌ವೂಫರ್ ಧಡ್ ಅನ್ನುವಾಗ ಅಡುಗೆಮನೆಯ ಲೋಟ ಕುಣೀತದೆ, ಮಾತು ಹಾಗೇ ಉಂಟು. 2.1 ಅಂದ್ರೆ ಎಡ, ಬಲ, ಬೇಸ್, ಅಷ್ಟೇ, ಸೆಂಟರ್ ಇಲ್ವೇ ಇಲ್ಲ. ಜಗಳ ಮಾಡಿ, ಮೇಲಿಂದ ದುಡ್ಡು ಕೊಟ್ಟು ಸೆಂಟರೂ ಇರುವ 3.1 ತಂದೆ. ಇದರ ರಿಮೋಟಲ್ಲಿ ಸೆಂಟರ್ ಲೆವೆಲ್ ಬೇರೆಯೇ ಉಂಟು, ಪ್ಲಸ್ 4 ಇಟ್ಟು ವೂಫರ್ ಇಳಿಸಿದೆ. ಒಂದು ಸಲ ಮಾತ್ರ ಮುಟ್ಟಿದೆ. ಟಿವಿಯ ಡಿಜಿಟಲ್ ಔಟ್‌ಪುಟ್ ಪಿಸಿಎಮ್ ಅಂತ ಇದ್ರೆ ನಮ್ಮಲ್ಲಿ ಸ್ಟೀರಿಯೊ ಮಾತ್ರ ಹೋಗ್ತಿತ್ತು, ಅದನ್ನು ಬಿಟ್‌ಸ್ಟ್ರೀಮ್ ಮಾಡಿದ ಮೇಲೆಯೇ ಈ ಸುಖ, ಎರಡು ದಿನ ಅದಕ್ಕೇ ತಲೆ ಕೆರೆದುಕೊಂಡೆ.

ದುಡ್ಡು ಹಾಕುದಾದ್ರೆ 3.1, ಇಲ್ಲದಿದ್ರೆ ಈಕ್ವಲೈಸರ್ ಜೊತೆ ನೈಟ್ ಮೋಡ್, ಫೈಲ್ ನೋಡುವವರಿಗೆ ವಿಎಲ್‌ಸಿ ಸಾಕು, 2.1 ಕಡೆ ತಲೆಯೂ ಹಾಕ್ಬೇಡಿ. ಫ್ಯಾನನ್ನು ಐದರಿಂದ ಮೂರಕ್ಕೆ ಇಳಿಸಿದ್ರೂ ಮಾತು ಚೂರು ಜಾಸ್ತಿ ಕೇಳ್ತದೆ, ಆದ್ರೆ ಮೇ ತಿಂಗಳಲ್ಲಿ ಅಮ್ಮ ಬಿಡಬೇಕಲ್ಲ. ಲೋಕಲ್ ಟ್ರೈನ್ ಹೋಗುವಾಗ ಪಿಚ್ಚರ್ ನಿಲ್ಲಿಸಲಿಕ್ಕೆ ಪಾಜ್ ಒತ್ತುದು ಈಗಲೂ ಉಂಟು.